ನೆರಳಪ್ಪ ಕಂಡ ಬೆಟ್ಟ

ಮೂವತ್ತೊಂದು ವರ್ಷ ಟೂರಿಸ್ಟ್ ಬಸ್ಸು ಓಡಿಸಿದವನಿಗೆ ಬೀದಿಯವರು ‘ಲೋಕಸಂಚಾರಿ’ ಎಂದು ಹೆಸರಿಟ್ಟಿದ್ದರೆ ಅದರಲ್ಲಿ ಬೀದಿಯವರ ತಪ್ಪೇನೂ ಇಲ್ಲ. ಯಾರ ಮನೆಯಲ್ಲಿ ಪ್ರವಾಸದ ಮಾತು ಬಂದರೂ ಮೊದಲು ಅವನನ್ನು ಕೇಳಿ, ಆಮೇಲೆ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದರು. ಕ್ಷೌರದಂಗಡಿಯ ಕುರ್ಚಿಯಲ್ಲಿ ಅರ್ಧ ಗಡ್ಡ ಹೋಗಿ ಅರ್ಧ ಉಳಿದ ಮುಖದಲ್ಲೇ ಅವನು ಅಪ್ಪಣೆ ಕೊಡಿಸುತ್ತಿದ್ದ: “ಜಲಪಾತಕ್ಕೆ ಮಧ್ಯಾಹ್ನ ಹೋಗಬೇಡಿ. ಹತ್ತು ಗಂಟೆಗೆ ನೀರಿನ ಮೇಲೆ ಕಾಮನಬಿಲ್ಲು ಬಂದು ಕೂತಿರುತ್ತೆ. ಹನ್ನೊಂದಕ್ಕೆ ಎದ್ದು ಹೋಗುತ್ತೆ, ಆಫೀಸಿನ ಸಾಹೇಬ್ರ ಥರ.” ಕ್ಷೌರಿಕ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳುತ್ತಿದ್ದ.

ಅದು ಸುಳ್ಳಲ್ಲ. ಕಾಮನಬಿಲ್ಲು ಹತ್ತಕ್ಕೆ ಬರುವುದೂ ನಿಜ, ಹನ್ನೊಂದಕ್ಕೆ ಹೋಗುವುದೂ ನಿಜ. ಅದನ್ನು ಕಂಡವನು ಅವನಲ್ಲ ಎಂಬುದಷ್ಟೇ ಸ್ವಲ್ಪ ತೊಡಕು.

ಬಸ್ಸು ಹೋದಲ್ಲೆಲ್ಲ ಅವನು ಹೋಗಿದ್ದ. ಬಸ್ಸು ನಿಂತಲ್ಲೇ ಅವನೂ ನಿಂತಿದ್ದ. ಶುರುವಿನಲ್ಲಿ ಅದು ಕಂಪನಿಯ ಕಟ್ಟಪ್ಪಣೆ: ಡ್ರೈವರ್ ಗಾಡಿ ಬಿಟ್ಟು ಕದಲಬಾರದು. ಕೆಲವು ವರ್ಷಕ್ಕೆ ಕಂಪನಿ ಸಡಿಲವಾಯಿತು. ಅಷ್ಟರಲ್ಲಿ ಅವನನ್ನು ನಿದ್ದೆ ಬಿಗಿಯಾಗಿ ಹಿಡಿದಿತ್ತು. ಬರುವಾಗ ಆರು ಗಂಟೆ, ಹೋಗುವಾಗ ಆರು ಗಂಟೆ ಸ್ಟಿಯರಿಂಗ್ ಹಿಡಿಯುವವನು ನಡುವೆ ನಾಲ್ಕು ಗಂಟೆ ಕಣ್ಣು ಮುಚ್ಚದಿದ್ದರೆ ನಲವತ್ತು ಜನರ ಕಣ್ಣು ಮುಚ್ಚಬೇಕಾಗುತ್ತದೆ. ಹಾಗೆ ಅವನು ಕಂಡದ್ದು ಹನ್ನೆರಡು ಪಾರ್ಕಿಂಗ್ ಜಾಗಗಳನ್ನು. ಆ ಶಾಸ್ತ್ರದಲ್ಲಿ ಅವನಿಗೆ ಸಮನಾದ ಪಂಡಿತ ಇರಲಿಲ್ಲ. ಯಾವ ಮರದ ನೆರಳು ಮೂರು ಗಂಟೆಯವರೆಗೂ ಜರುಗುವುದಿಲ್ಲ, ಯಾವ ನಲ್ಲಿಯಲ್ಲಿ ನೀರು ಬರುತ್ತದೆ, ಯಾವ ಪಾಯಿಖಾನೆಯ ಚಿಲಕ ಒಳಗಿನಿಂದ ಬೀಳುತ್ತದೆ, ಎಲ್ಲ ಅವನ ಬಾಯಲ್ಲಿ. ಗಾಡಿಯನ್ನು ನೆರಳಿಗೆ ಒಂದು ಗೇಣು ಹೆಚ್ಚುಕಡಿಮೆಯಾಗದಂತೆ ತಂದು ನಿಲ್ಲಿಸಿ, ಅಡಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದ ಅವನಿಗೆ ಉಳಿದ ಡ್ರೈವರುಗಳು ‘ನೆರಳಪ್ಪ’ ಎಂದು ಹೆಸರಿಟ್ಟಿದ್ದರು.

ಬೀದಿಯಲ್ಲಿ ಲೋಕಸಂಚಾರಿ, ಪಾರ್ಕಿಂಗಿನಲ್ಲಿ ನೆರಳಪ್ಪ. ಒಬ್ಬನೇ ಮನುಷ್ಯನ ಈ ಎರಡು ಹೆಸರುಗಳು ಎಂದೂ ಎದುರುಬದುರಾಗಿರಲಿಲ್ಲ. ಎರಡರ ನಡುವೆ ನೂರಾರು ಮೈಲಿ ರಸ್ತೆಯಿತ್ತು. ಆ ರಸ್ತೆಯಲ್ಲಿ ಓಡಾಡುತ್ತಿದ್ದವನು ಅವನೊಬ್ಬನೇ.

ಮೊದಲ ಸುಳ್ಳು ಮದುವೆಯಾದ ಹೊಸದರದ್ದು. ಬೆಟ್ಟದ ಟ್ರಿಪ್ಪು ಮುಗಿಸಿ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದ್ದಳು: “ಏನೇನು ನೋಡಿದ್ರಿ?” ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಅವಳಿಗೆ. ಬೆಳಗ್ಗಿನಿಂದ ಸಂಜೆಯವರೆಗೆ ನಿಂತೇ ಹಾಸಿಗೆಯ ಹೊದಿಕೆಗಳನ್ನು ಮಡಿಸಿ ಬಂದವಳ ಕಣ್ಣುಗಳು ಅಷ್ಟಗಲವಾಗಿದ್ದವು. ಆ ಕಣ್ಣುಗಳೆದುರು “ಒಂದು ಬೇಲಿ, ಎರಡು ಡ್ರಮ್ಮು” ಎನ್ನಲು ಯಾವ ಗಂಡಸಿಗೆ ಬಾಯಿ ಬಂದೀತು? ವಾಪಸು ಬರುವಾಗ ಹಿಂದಿನ ಸೀಟಿನವರು ಆಡಿಕೊಂಡದ್ದನ್ನು ಎತ್ತಿ ಅವಳ ಕೈಗಿಟ್ಟ. “ಮೋಡ ಕಾಲ ಕೆಳಗೇ ಇರುತ್ತೆ ಕಣೆ. ನಿಮ್ಮ ಲಾಂಡ್ರಿಯಲ್ಲಿ ಹೊದಿಕೆ ಹರವಿದ ಹಾಗೆ.” ಲಾಂಡ್ರಿಯ ಹೋಲಿಕೆ ಮಾತ್ರ ಅವನ ಸ್ವಂತದ್ದು. ಕದ್ದ ಮಾಲಿಗೂ ಸ್ವಲ್ಪ ಕೈಕೆಲಸ ಬೇಕಲ್ಲ.

ಅಲ್ಲಿಂದ ಮುಂದೆ ಅವನು ಕಣ್ಣಲ್ಲಿ ರಸ್ತೆ ನೋಡುತ್ತ, ಕಿವಿಯಲ್ಲಿ ಊರು ನೋಡತೊಡಗಿದ. ಅವಳು ಆಸ್ಪತ್ರೆಯ ಹಳೆಯ ರಿಜಿಸ್ಟರೊಂದನ್ನು ಬೇಡಿ ತಂದು, ಹೊದಿಕೆ–ದಿಂಬಿನ ಚೀಲದ ಲೆಕ್ಕಕ್ಕೆ ಎಳೆದ ಗೀಟುಗಳ ಮೇಲೆಯೇ ಅವನು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡಳು. ಮೊದಲ ಪುಟದಲ್ಲಿ ದಪ್ಪಕ್ಷರ: ‘ಹೋಗಬೇಕಾದ ಜಾಗಗಳು’. ಜಲಪಾತದ ಪುಟ, ಸರೋವರದ ಪುಟ, ದೀಪಸ್ತಂಭದ ಪುಟ, ಗುಹೆಯ ಪುಟ. ಎಲ್ಲಕ್ಕಿಂತ ಕೊಳಕಾಗಿ ಮೂಲೆ ಮಡಿಚಿದ್ದು ಬೆಟ್ಟದ ಪುಟ. ಅದರಲ್ಲಿ ಅವನು ಹೇಳಿದ್ದ ಒಂದು ಸಾಲಿನ ಕೆಳಗೆ ಎರಡು ಗೆರೆ: ‘ತುದಿಯಲ್ಲಿ ನಿಂತು ಕೂಗಿದರೆ ಏಳು ಸಲ ವಾಪಸು ಕೇಳುತ್ತದೆ.’

“ಅಲ್ಲಿ ನನ್ನ ಹೆಸರು ಕೂಗಬೇಕು ರೀ,” ಎನ್ನುತ್ತಿದ್ದಳು. “ಆಸ್ಪತ್ರೆಯಲ್ಲಿ ಲಾಂಡ್ರಿ ಅಕ್ಕ, ಮನೆಯಲ್ಲಿ ಅಮ್ಮ, ನಿಮಗೆ ‘ಏ ಇವಳೇ’. ಒಂದು ದಿನ ಏಳು ಸಲ ಕೇಳಿಬಿಟ್ರೆ ಸಾಕು, ಬಾಕಿಯೆಲ್ಲ ಜಮಾ ಆಗುತ್ತೆ.”

ಕರೆದುಕೊಂಡು ಹೋಗುವುದು ಕಷ್ಟವಿರಲಿಲ್ಲ. ಡ್ರೈವರನ ಎಡಕ್ಕೆ ಎಂಜಿನ್ ಪಕ್ಕದಲ್ಲಿ ಒಂದು ಕ್ಯಾಬಿನ್ ಸೀಟಿತ್ತು. ಅದನ್ನು ಪ್ರಯಾಣಿಕರಿಗೆ ಮಾರುತ್ತಿರಲಿಲ್ಲ. ಮನೆಯವರನ್ನು ಕೂರಿಸಿಕೊಂಡರೆ ಕಂಪನಿ ಕೇಳುತ್ತಲೂ ಇರಲಿಲ್ಲ. ಎಷ್ಟೋ ಡ್ರೈವರುಗಳ ಹೆಂಡಿರು ಆ ಸೀಟಿನಲ್ಲಿ ಕೂತೇ ಅರ್ಧ ಲೋಕ ನೋಡಿದ್ದರು. ಅವನ ಹೆಂಡತಿ ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಅವನು, “ಕಂಪನಿ ಬಿಡಲ್ಲ,” ಎಂದ. ಬಂದಳೆಂದರೆ “ಮುಂದೆ ನಡೀರಿ, ದಾರಿ ತೋರಿಸಿ” ಎನ್ನುತ್ತಾಳೆ. ಟಿಕೆಟಿನ ಕಿಟಕಿ ದಾಟಿದ ಮೇಲೆ ಬಲಕ್ಕೋ ಎಡಕ್ಕೋ ಅವನಿಗೇ ತಿಳಿಯದು. ಕೊನೆಯ ಸಲ ಕೇಳಿದಾಗ ಅವಳಿಗೆ ನಲವತ್ತೊಂದು. ಸಾರಥಿಗೂ ಸ್ವಾರ್ಥಿಗೂ ಬಾಯಲ್ಲಿ ದೂರವೇನಿಲ್ಲ, ನಾಲಿಗೆ ಸ್ವಲ್ಪ ಜಾರಿದರೆ ಸಾಕು. ಅವನದು ಮೂವತ್ತೊಂದು ವರ್ಷ ಜಾರಿತ್ತು.

ನಿವೃತ್ತಿಯಾಗಿ ವರ್ಷ ಕಳೆದ ಮೇಲೆ ಮಗಳು ರಜೆಗೆ ಬಂದು ಆ ರಿಜಿಸ್ಟರನ್ನು ಓದಿ ಬೆರಗಾದಳು. “ಅಮ್ಮಾ, ಇದು ನಿನ್ನ ಬಕೆಟ್ ಲಿಸ್ಟು!”

“ಬಕೆಟ್ಟು ನಿಮ್ಮಪ್ಪನಿಗೇ ಸರಿ. ಮೂವತ್ತು ವರ್ಷ ಮ್ಯಾನೇಜರಿಗೆ ಹಿಡಿದ್ರು.”

“ಹಾಗಲ್ಲಮ್ಮ. ವಯಸ್ಸಾದ ಮೇಲೆ, ಸಾಯೋದರೊಳಗೆ ಇಷ್ಟು ನೋಡಬೇಕು, ಇಷ್ಟು ಮಾಡಬೇಕು ಅಂತ ಪಟ್ಟಿ.”

“ಸಾಯೋದು ಒಂದು ಕಡೆ ಇರಲಿ, ಮಂಡಿ ಆಗಲೇ ಸತ್ತಿದೆ,” ಎಂದು ಅವಳು ನಕ್ಕಳು. ಇಪ್ಪತ್ತೆಂಟು ವರ್ಷ ಸಿಮೆಂಟು ನೆಲದ ಮೇಲೆ ನಿಂತ ಮಂಡಿಗಳು ಈಗ ಅಡುಗೆಮನೆಯ ಹೊಸ್ತಿಲಿಗೂ ಯೋಚಿಸುತ್ತಿದ್ದವು.

ಮಗಳು ಅಪ್ಪನ ಹಳೆಯ ಕಂಪನಿಯ ಬಸ್ಸಿನಲ್ಲೇ ಬೆಟ್ಟಕ್ಕೆ ಎರಡು ಸೀಟು ಹಿಡಿದಳು. ಮುಂದಿನ ತಿಂಗಳು ಸರೋವರ, ಆಮೇಲೆ ಒಂದೊಂದಾಗಿ ಉಳಿದವು. “ಅಪ್ಪಾ, ಅಲ್ಲಿ ಹತ್ತೋದು ಗಿತ್ತೋದು ಇದೆಯಾ? ಅಮ್ಮನ ಕೈಲಿ ಆಗುತ್ತಾ?”

ಗೊತ್ತಿಲ್ಲ ಎನ್ನಲು ಅದೊಂದು ಒಳ್ಳೆಯ ಸಮಯವಾಗಿತ್ತು. ಆದರೆ ವಾಪಸು ಬರುವ ಪ್ರಯಾಣಿಕರು ಮೋಡದ ಮಾತಾಡುತ್ತಾರೆಯೇ ಹೊರತು ಮೆಟ್ಟಿಲಿನ ಮಾತಾಡುವುದಿಲ್ಲ. ಅವನ ಕಿವಿಗೆ ಮೆಟ್ಟಿಲು ಬಿದ್ದೇ ಇರಲಿಲ್ಲ. ಪಾರ್ಕಿಂಗಿನಿಂದ ಕಾಣುತ್ತಿದ್ದುದು ಒಂದು ಗೇಟು, ಅದರಾಚೆ ಎಡಕ್ಕೆ ತಿರುಗಿದ ಗೋಡೆ, ಅಷ್ಟೆ. “ಗಾಡಿ ನಿಲ್ಲೋ ಜಾಗದಿಂದ ಹತ್ತು ಹೆಜ್ಜೆ,” ಎಂದ. “ನನಗೆ ಗೊತ್ತಿಲ್ಲದ ಬೆಟ್ಟವಾ?”

ಹೋಗುವ ದಿನ ಅವಳು ರಿಜಿಸ್ಟರನ್ನು ಕೈಚೀಲದಲ್ಲಿಟ್ಟುಕೊಂಡು ಕಿಟಕಿ ಪಕ್ಕ ಕೂತಳು. ಅವನಿಗೆ ಪ್ರಯಾಣಿಕನಾಗಿ ಕೂತು ಅಭ್ಯಾಸವಿಲ್ಲ. ತಿರುವು ಬಂದಾಗಲೆಲ್ಲ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. “ಸುಮ್ನಿರಿ, ನೆಲ ತೂತಾದೀತು,” ಎಂದಳು ಅವಳು. ಬೆಟ್ಟ ಹತ್ತಿರವಾದಷ್ಟೂ ಅವಳ ಮುಖದಲ್ಲಿ ಎಳೆತನ ಏರಿತು, ಅವನ ಧೈರ್ಯ ಇಳಿಯಿತು. ಮೂವತ್ತು ವರ್ಷ ಅವನು ನುಡಿಸಿದ್ದು ಬೇರೆಯವರ ವಾದ್ಯ. ಇವತ್ತು ಅವಳೆದುರು ತಾನೇ ಹಾಡಬೇಕು.

ಗೇಟು ದಾಟಿ ಎಡಕ್ಕೆ ತಿರುಗಿದರು. ಮುಂದೆ ಮೆಟ್ಟಿಲು. ಮೆಟ್ಟಿಲೆಂದರೆ ಕಣ್ಣೆತ್ತಿದಷ್ಟೂ ಮೆಟ್ಟಿಲು, ಬಂಡೆಯನ್ನು ಸುತ್ತಿಕೊಂಡು ಮಾಯವಾಗುವವರೆಗೆ. ಪಕ್ಕದಲ್ಲಿ ಹಸಿರು ಬಣ್ಣದ ಹಲಗೆ. ಅವಳು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು: “ಒಟ್ಟು ಮೆಟ್ಟಿಲು ನಾನೂರ ಹನ್ನೆರಡು.” ಆಮೇಲೆ ಗಂಡನ ಕಡೆ ತಿರುಗಿದಳು. “ಹತ್ತು ಅಂದಿದ್ರಿ.”

“ಈಚೆಗೆ ಕಟ್ಟಿರಬೇಕು.”

ಮೆಟ್ಟಿಲುಗಳು ನೂರಾರು ವರ್ಷದ ಕಾಲಿಗೆ ಸವೆದು ನಡುವೆ ತಟ್ಟೆಯಂತೆ ತಗ್ಗಾಗಿದ್ದವು. ಅವಳು ಬಗ್ಗಿ ನೋಡಿದಳು. “ಹೌದು. ಈಚೆಗೇ,” ಎಂದಳು.

ಆದರೂ ಕಂಬಿ ಹಿಡಿದು ಹೊರಟಳು. ಒಂದು ಕಾಲು ಎತ್ತಿಡುವುದು, ಇನ್ನೊಂದನ್ನು ಅದರ ಪಕ್ಕಕ್ಕೆ ಕರೆಸಿಕೊಳ್ಳುವುದು. ಇಪ್ಪತ್ತಾರನೆಯದರಲ್ಲಿ ನಿಂತಳು. ಮೇಲ್ತುಟಿಯ ಮೇಲೆ ಬೆವರು. ಅವಳು ನೋವೆನ್ನಲಿಲ್ಲ, ಮೇಲೆ ನೋಡಿ, ಕೆಳಗೆ ನೋಡಿ, ಕಂಬಿಯ ಮೇಲೆ ಅಂಗೈ ಸವರುತ್ತ ನಿಂತಳು, ಹೊದಿಕೆಯ ಸುಕ್ಕು ತೆಗೆಯುವ ಹಾಗೆ.

“ಆಗಲ್ಲ ರೀ. ನೀವು ಹೋಗಿ ಬನ್ನಿ.”

“ನಿನ್ನ ಬಿಟ್ಟು ನಾನೊಬ್ಬನೇ ಯಾಕೆ...”

“ನಿಮಗೇನು ಹೊಸದಾ? ಹೋಗಿ ನನ್ನ ಹೆಸರು ಕೂಗಿ. ಏಳು ಸಲ ಬರುತ್ತಲ್ಲ, ಅದರಲ್ಲಿ ಒಂದಾದರೂ ಕೆಳಗೆ ಬಿದ್ದೀತು. ನಾನು ಆ ಟೀ ಅಂಗಡಿ ಹತ್ತಿರ ಕೂತಿರ್ತೀನಿ.”

ಅವಳನ್ನು ಇಳಿಸಿ ಪಾರ್ಕಿಂಗಿನ ಟೀ ಅಂಗಡಿಯ ಬೆಂಚಿನಲ್ಲಿ ಕೂರಿಸಿದ. ಲೋಕದಲ್ಲಿ ಅವನ ಹೆಂಡತಿ ಎಲ್ಲಿ ಬೇಕಾದರೂ ಕೂರಬಹುದಿತ್ತು, ಈ ಬೆಂಚೊಂದನ್ನು ಬಿಟ್ಟು. ಅಂಗಡಿಯ ಹೆಂಗಸು ಒಳಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದಳು. ಆಚೆ ನಾಲ್ಕಾರು ಬಸ್ಸು. ಒಂದರ ಕೆಳಗೆ ಯಾರದೋ ಕಾಲು. “ಯಾರ ಹತ್ತಿರವೂ ಜಾಸ್ತಿ ಮಾತಾಡಬೇಡ,” ಎಂದ.

“ಯಾಕೆ, ನಾನೇನು ಮಗುನಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಇನ್ನೊಂದು ಮಾತಾಡಿದರೆ ಹೆಗಲು ಕಾಣುತ್ತದೆಂದು ಹೆದರಿ ಹೊರಟುಬಿಟ್ಟ.

ನಾನೂರ ಹನ್ನೆರಡನ್ನೂ ಅವನು ಜೀವಮಾನದಲ್ಲಿ ಮೊದಲ ಸಲ ಹತ್ತಿದ. ನೂರರ ಹೊತ್ತಿಗೆ ಏದುಸಿರು, ಇನ್ನೂರರ ಹೊತ್ತಿಗೆ ಪಶ್ಚಾತ್ತಾಪ. ಮುನ್ನೂರರ ಹೊತ್ತಿಗೆ ಅದೂ ಉಳಿಯದೆ ಬರೀ ಮೊಣಕಾಲು ಉಳಿಯಿತು. ಅವಳ ಮಂಡಿ ಗಟ್ಟಿಯಿದ್ದಾಗ, ನಲವತ್ತೊಂದರಲ್ಲಿ, ಕರೆತಂದಿದ್ದರೆ ಈ ಮೆಟ್ಟಿಲನ್ನು ಅವನಿಗಿಂತ ಮುಂದೆ ಓಡಿ ಹತ್ತಿ, “ಬನ್ನಿ ಬನ್ನಿ, ಮುದುಕಪ್ಪ” ಎನ್ನುತ್ತಿದ್ದಳು. ಆ ಮಾತು ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ ಅವನು ಮೇಲಕ್ಕೆ ನೋಡಿದ.

ತುದಿಯಲ್ಲಿ ಮಂಜು. ಕಂಬಿಯಿಂದಾಚೆ ಏನೂ ಇಲ್ಲ. ಬೆಳ್ಳಗೆ, ಒದ್ದೆಯಾಗಿ, ದಪ್ಪವಾಗಿ, ಆಸ್ಪತ್ರೆಯ ಹಿತ್ತಲಲ್ಲಿ ಒಣಹಾಕಿದ ಹೊದಿಕೆಗಳ ನಡುವೆ ಸಿಕ್ಕಿಕೊಂಡ ಹಾಗೆ. ಮೂವತ್ತು ವರ್ಷದ ಕೆಳಗೆ ಕಾಣದೆ ಆಡಿದ ಹೋಲಿಕೆ ಅಕ್ಷರಶಃ ಎದುರು ನಿಂತಿತ್ತು. ಅವನಿಗೆ ನಗುವಂತಿರಲಿಲ್ಲ.

ಅವಳ ಹೆಸರು ಕೂಗಲು ಬಾಯಿ ತೆರೆದ. ವರ್ಷಗಟ್ಟಲೆ ನಿಂತ ಗಾಡಿಯಂತೆ ನಾಲಿಗೆ ಹೊರಡಲಿಲ್ಲ. ಎರಡನೆಯ ಸಲ ಸಣ್ಣಗೆ ಬಂತು. ಫೋಟೋ ತೆಗೆಯುತ್ತಿದ್ದ ದಂಪತಿ ತಿರುಗಿ ನೋಡಿದರು. ಮೂರನೆಯ ಸಲ ಕಣ್ಣು ಮುಚ್ಚಿ, ಕಂಬಿ ಹಿಡಿದು, ಇದ್ದಬದ್ದ ಉಸಿರೆಲ್ಲ ಹಾಕಿ ಕೂಗಿದ.

ಹೆಸರು ಹೋಯಿತು. ವಾಪಸು ಬರಲಿಲ್ಲ.

ಇನ್ನೊಮ್ಮೆ ಕೂಗಿದ. ಮತ್ತೊಮ್ಮೆ. ಸೀಟಿ ಹಿಡಿದ ಕಾವಲುಗಾರ ಹತ್ತಿರ ಬಂದ. “ಯಾರಾದ್ರೂ ಕಳೆದುಹೋದ್ರಾ ಯಜಮಾನ್ರೇ?”

“ಇಲ್ಲಪ್ಪ. ಇಲ್ಲಿ... ಏಳು ಸಲ ವಾಪಸು ಕೇಳುತ್ತಂತಲ್ಲ?”

“ಏಳಾ? ಒಂದೂ ಇಲ್ಲ. ಮಾತು ವಾಪಸು ಬರೋಕೆ ಎದುರಿಗೆ ಗೋಡೆಯೋ ಬಂಡೆಯೋ ಇರಬೇಕಲ್ವಾ? ಇದು ಬಯಲು. ಯಾರು ಹೇಳಿದ್ರು ನಿಮಗೆ?”

ಯಾರು ಹೇಳಿದ್ದು? ನೆನಪಾಯಿತು. ಯಾವುದೋ ವರ್ಷದ ಹಿಂದಿನ ಸೀಟಿನ ದಪ್ಪ ಮನುಷ್ಯ, ಮಕ್ಕಳನ್ನು ನಗಿಸಲು ಕೊಚ್ಚಿಕೊಳ್ಳುತ್ತಿದ್ದವನು. ಒಬ್ಬ ಬಡಾಯಿಗಾರನ ಸರಕನ್ನು ಇನ್ನೊಬ್ಬ ಬಡಾಯಿಗಾರ ಪರೀಕ್ಷಿಸದೆ ಮನೆಗೆ ಒಯ್ದಿದ್ದ. ಅದರ ಕೆಳಗೆ ಹೆಂಡತಿ ಎರಡು ಗೆರೆ ಎಳೆದಿದ್ದಳು.

ಇಳಿಯುತ್ತ ಅವನು ನಿರ್ಧರಿಸಿದ: ಹೇಳಿಬಿಡುವುದು. ಮೆಟ್ಟಿಲಿಗೊಂದು ಸಲ ಮಾತನ್ನು ಹೊಂದಿಸಿಕೊಂಡ. ‘ನೋಡು, ನಾನು ಯಾವ ಜಾಗವನ್ನೂ ನೋಡಿಲ್ಲ. ಗಾಡಿ ಕೆಳಗೆ ಮಲಗಿರ್ತಿದ್ದೆ. ಕಂಪನಿ ಬಿಡಲ್ಲ ಅಂದಿದ್ದೂ ಸುಳ್ಳು.’ ಮೂರೇ ವಾಕ್ಯ. ಕೊನೆಯ ಮೆಟ್ಟಿಲಿನ ಹೊತ್ತಿಗೆ ಬಾಯಿಪಾಠವಾಗಿತ್ತು.

ಬೆಂಚಿನಲ್ಲಿ ಅವಳು ಒಬ್ಬಳೇ ಇರಲಿಲ್ಲ. ಪಕ್ಕದಲ್ಲಿ ಟೀ ಅಂಗಡಿಯ ಹೆಂಗಸು, ಎದುರಿಗೆ ಉಲ್ಟಾ ಮಾಡಿದ ಬಕೆಟ್ಟಿನ ಮೇಲೆ ಬೋಳಣ್ಣ. ಅವನ ಜೊತೆಯಲ್ಲೇ ಕಂಪನಿಗೆ ಸೇರಿ, ಇನ್ನೂ ಗಾಡಿ ಓಡಿಸುತ್ತಿದ್ದ ಡ್ರೈವರು. ಮೂವರ ಕೈಯಲ್ಲೂ ಲೋಟ. ಅವನು ಬಂದಾಗ ಮೂವರೂ ಮಾತು ನಿಲ್ಲಿಸಿದರು.

“ಹೇಗಿತ್ತು?” ಎಂದಳು ಹೆಂಡತಿ.

ಮೂರು ವಾಕ್ಯಗಳೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಹೊರಬಂದದ್ದು ನಾಲ್ಕನೆಯದು.

“ಅದೇ ಥರ ಇದೆ. ಕಾಲ ಕೆಳಗೆ ಮೋಡ. ಕೂಗಿದೆ ನೋಡು, ಏಳು ಸಲವೂ ಬಂತು. ಎಣಿಸಿದೆ.”

ಬೋಳಣ್ಣ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡತೊಡಗಿದ. ಅಂಗಡಿಯ ಹೆಂಗಸು ಎದ್ದಳು. ಮನೆಯವರ ನಡುವೆ ಬಿದ್ದ ಮೌನವನ್ನು ಮುಚ್ಚಲು ಅವಳಿಗೆ ತಿಳಿದದ್ದು ಒಂದೇ ದಾರಿ. “ಟೀ ಕೊಡ್ಲಾ ನೆರಳಪ್ಪಣ್ಣ? ನಿಮಗೆ ಸಕ್ಕರೆ ಕಮ್ಮಿ ಅಲ್ವಾ, ಮರೆತಿಲ್ಲ ನಾನು.”

ಮೂವತ್ತೊಂದು ವರ್ಷ ದೂರವಿದ್ದ ಎರಡು ಹೆಸರುಗಳು ಆ ಬೆಂಚಿನೆದುರು ಮುಖಾಮುಖಿಯಾದವು. ಅವನ ಕಿವಿಗಳು ಬಿಸಿಯಾದವು. ನೆಲ ಬಿರಿದು ನುಂಗಬಾರದೇ ಎಂದುಕೊಂಡ. ಅದು ಪಾರ್ಕಿಂಗಿನ ನೆಲ, ಅವನ ಭಾರ ಅದಕ್ಕೆ ಹಳೆಯ ಅಭ್ಯಾಸ, ಕದಲಲಿಲ್ಲ.

ಹೆಂಡತಿ ಕೈಯೆತ್ತಿ ಆಚೆ ತೋರಿಸಿದಳು. “ನಿಮ್ಮ ಮರ ತೋರಿಸಿದ್ರು. ಒಳ್ಳೇ ನೆರಳು.”

ವಾಪಸು ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಹಿಂದಿನ ಸೀಟಿನವರು ಮೋಡದ ಮಾತಾಡುತ್ತಿದ್ದರು. ಅಭ್ಯಾಸಬಲದಿಂದ ಅವನ ಕಿವಿ ಆ ಕಡೆ ಹೊರಳಿತು. ನಾಚಿಕೊಂಡು ವಾಪಸು ಎಳೆದುಕೊಂಡ.

“ನನಗೆ ಪ್ರವಾಸ ಅಂದ್ರೆ ಆಗಲ್ಲವಂತೆ,” ಎಂದಳು ಅವಳು, ಕಿಟಕಿಯ ಕಡೆ ನೋಡುತ್ತಲೇ. “ಬೋಳಣ್ಣ ಹೇಳಿದ್ರು. ‘ಅತ್ತಿಗೆ, ನಮ್ಮನೆಯವಳು ಎಷ್ಟು ಸಲ ಬಂದ್ಲು, ನೀವು ಒಂದು ಸಲಾನೂ ಬರಲಿಲ್ಲ. ನಿಮಗೆ ಬಸ್ಸು ಹತ್ತಿದ್ರೆ ತಲೆ ಸುತ್ತುತ್ತೆ, ಪ್ರವಾಸ ಅಂದ್ರೆ ಆಗಲ್ಲ ಅಂತ ಅಣ್ಣ ಹೇಳ್ತಿದ್ರು’ ಅಂತ.”

ಅವನು ಅದನ್ನೂ ಹೇಳಿದ್ದ. ಅಲ್ಲಿಗೊಂದು, ಇಲ್ಲಿಗೊಂದು. ಮರೆತೇಬಿಟ್ಟಿದ್ದ.

“ಆ ಸೀಟು ಖಾಲಿ ಇರ್ತಿತ್ತಾ?”

“ಇರ್ತಿತ್ತು.”

“ಪ್ರತಿ ಸಲ?”

ಹೆಚ್ಚುಕಡಿಮೆ ಎನ್ನಲು ಹೋಗಿ ನುಂಗಿಕೊಂಡ. “ಪ್ರತಿ ಸಲ. ಅದರ ಮೇಲೆ ಊಟದ ಡಬ್ಬಿ ಇಡ್ತಿದ್ದೆ.”

ಅವಳು ತನ್ನ ಎರಡೂ ಅಂಗೈಗಳನ್ನು ಮಂಡಿಗಳ ಮೇಲೆ ಇಟ್ಟುಕೊಂಡಳು, ಯಾರೋ ಎರಡು ಮಕ್ಕಳನ್ನು ಸಮಾಧಾನ ಮಾಡುವವಳಂತೆ. “ಆ ಡಬ್ಬಿ ಕಟ್ಟಿಕೊಡ್ತಿದ್ದವಳು ನಾನೇ,” ಎಂದಳು. “ಅದಾದ್ರೂ ನೋಡ್ತಲ್ಲ ಎಲ್ಲಾ ಊರು.”

“ತಪ್ಪಾಯ್ತು” ಎನ್ನಬಹುದಿತ್ತು. ಮೂವತ್ತೊಂದು ವರ್ಷಕ್ಕೆ ಅದು ತೀರ ಚಿಕ್ಕ ಮಾತು. ಹೊಸ್ತಿಲಲ್ಲಿ ಕಾಲು ತುಳಿದವರೂ ಅದನ್ನೇ ಹೇಳುತ್ತಾರೆ. “ಮೇಲೆ ಮಂಜಿತ್ತು,” ಎಂದ ಕೊನೆಗೆ. “ಏನೂ ಕಾಣಲಿಲ್ಲ. ಕೂಗಿದೆ. ನಾಲ್ಕು ಸಲ ಕೂಗಿದೆ. ಒಂದೂ ವಾಪಸು ಬರಲಿಲ್ಲ. ಅಲ್ಲಿ ಬರೋದೇ ಇಲ್ಲವಂತೆ.”

ಅವಳು ಮೊದಲ ಸಲ ತಿರುಗಿ ಅವನ ಮುಖ ನೋಡಿದಳು. “ನನ್ನ ಹೆಸರೇ ಕೂಗಿದ್ರಾ?”

“ಹ್ಞೂಂ.”

“ಕೆಳಗೆ ಕೇಳಿಸಲಿಲ್ಲ,” ಎಂದು ಮತ್ತೆ ಕಿಟಕಿಗೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಕೈಚೀಲದಿಂದ ರಿಜಿಸ್ಟರು ತೆಗೆದು, ಬೆಟ್ಟದ ಪುಟ ದಾಟಿಸಿ, ಸರೋವರದ ಪುಟ ಬಿಡಿಸಿದಳು. ಅವನೇ ಹೇಳಿ ಬರೆಸಿದ ಒಂದೂವರೆ ಪುಟ: ಬಾತುಗಳು, ದೋಣಿ, ನೀರಿನ ಮೇಲೆ ಬೀಳುವ ಬಿಸಿಲು. ಅದರ ಮೇಲೆ ಬೆರಳಿಟ್ಟು ಕೇಳಿದಳು: “ಅಲ್ಲೂ ಮೆಟ್ಟಿಲಿದೆಯಾ?”

ಅವನು ಬಾಯಿ ತೆರೆದ. ಮುಚ್ಚಿದ. “ಗೊತ್ತಿಲ್ಲ,” ಎಂದ.

“ಹಾಗಾದ್ರೆ ಡ್ರೈವರನ್ನ ಕೇಳಿಕೊಂಡು ಬನ್ನಿ.”

ಬಸ್ಸು ಊಟಕ್ಕೆಂದು ನಿಂತಾಗ ಅವನು ಮುಂದೆ ಹೋದ. ಡ್ರೈವರು ಹೊಸಬ, ಮದುವೆಯಾಗಿ ನಾಲ್ಕಾರು ವರ್ಷವಾಗಿರಬೇಕು. ಕನ್ನಡಿಯ ಮೂಲೆಯಲ್ಲಿ ಹೆಂಡತಿ–ಮಗುವಿನ ಸಣ್ಣ ಫೋಟೋ ಸಿಕ್ಕಿಸಿದ್ದ. ಎಡಗಡೆಯ ಕ್ಯಾಬಿನ್ ಸೀಟಿನ ಮೇಲೆ ಊಟದ ಡಬ್ಬಿಯೊಂದು ಟವೆಲು ಹೊದ್ದುಕೊಂಡು ಕೂತಿತ್ತು.

“ಸರೋವರಕ್ಕೆ ಹೋಗಿದ್ದೀಯಾ ತಮ್ಮ?”

“ವಾರಕ್ಕೆರಡು ಸಲ.”

“ಗಾಡಿ ನಿಲ್ಲೋ ಜಾಗದಿಂದ ನೀರಿನವರೆಗೆ ಮೆಟ್ಟಿಲಿದೆಯಾ?”

ಡ್ರೈವರು ತಲೆ ಕೆರೆದುಕೊಂಡು ನಕ್ಕ. “ಗೊತ್ತಿಲ್ಲ ಅಂಕಲ್. ನಾನು ಗಾಡಿ ಹತ್ತಿರವೇ ಇರ್ತೀನಿ.”

ಲೋಕಸಂಚಾರಿ ಆ ಸೀಟನ್ನೂ ಡಬ್ಬಿಯನ್ನೂ ಕನ್ನಡಿಯ ಫೋಟೋವನ್ನೂ ನೋಡಿದ. ಏನೋ ಹೇಳಬೇಕೆನಿಸಿತು. ಯಾವ ಮುಖ ಇಟ್ಟುಕೊಂಡು ಹೇಳುವುದೆಂದು ತಿಳಿಯದೆ, ಒಂದು ಕೈಯಿಂದ ಸೀಟಿನ ಬೆನ್ನನ್ನು ತಟ್ಟಿ ಹಿಂತಿರುಗಿದ.

“ಏನಂದ?” ಎಂದಳು ಹೆಂಡತಿ.

“ಗೊತ್ತಿಲ್ಲ ಅಂದ. ಗಾಡಿ ಹತ್ತಿರವೇ ಇರ್ತಾನಂತೆ.”

ಅವಳು ಸರೋವರದ ಪುಟ ಮುಚ್ಚಿ ರಿಜಿಸ್ಟರನ್ನು ಮಡಿಲಲ್ಲಿಟ್ಟುಕೊಂಡಳು.

“ಪರವಾಗಿಲ್ಲ,” ಎಂದಳು. “ಅವನ ಹೆಂಡತಿ ಪುಣ್ಯವಂತೆ.”